ಸನ್‌ಫಿಶ್ ತೋಡಿದ ಗುಂಡಿ

ನಮ್ಮ ಮನೆಯಲ್ಲಿ ತಂಪು ಯಂತ್ರದ ಭಾಗ್ಯ ಮೊದಲು ಒಲಿದದ್ದು ಮೀನಿಗೆ. ಸಿಂಗಪುರದ ಪಾಸಿರ್ ರಿಸ್‌ನ ಸೆಖೆಯಲ್ಲಿ ನಾನೂ ನನ್ನ ಹೆಂಡತಿ ವಸಂತಿಯೂ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದರೆ, ಗಾಜಿನ ತೊಟ್ಟಿಯೊಳಗೆ ಅಮೆರಿಕದ ಸನ್‌ಫಿಶ್ ಒಂದು ಚಿಲ್ಲರ್ ಹಾಕಿಸಿಕೊಂಡು ದೊರೆಯಂತೆ ಓಡಾಡುತ್ತಿತ್ತು. ಅದರ ತವರು ಚಳಿಗಾಲಕ್ಕೆ ಹೆಪ್ಪುಗಟ್ಟುವ ಕೆರೆಗಳಂತೆ; ಇಲ್ಲಿನ ನೀರು ಒಗ್ಗದು ಎಂದು ಮಾರಿದವನೇ ಎಚ್ಚರಿಸಿದ್ದ. ಅಂಗೈಯಗಲದ ಮೈ, ಕಿತ್ತಳೆ ಹೊಟ್ಟೆ, ಕೆನ್ನೆಯ ಮೇಲೆ ನೀಲಿ ಗೆರೆಗಳು. ಚೆಲುವನೇನೋ ಹೌದು, ಆದರೆ ಜಗಳಗಂಟ. ಜೊತೆಗೆ ಬಿಟ್ಟ ಮೀನುಗಳನ್ನೆಲ್ಲ ಅಟ್ಟಾಡಿಸಿ ಕೊನೆಗೆ ಒಂಟಿಯಾಯಿತು. “ಥೇಟ್ ನಿಮ್ ಸ್ವಭಾವಾನೇ ಬಂದಿದೆ ನೋಡಿ ಇವನಿಗೆ,” ಎಂದಳು ವಸಂತಿ.

ಈ ಜಾತಿಯಲ್ಲಿ ಮನೆ ಕಟ್ಟುವುದು ಗಂಡಿನ ಪಾಡು. ಬಾಲದಿಂದ ಮರಳು ಗುಡಿಸಿ ತಟ್ಟೆಯಂಥ ಗುಂಡಿ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ, ಕಾವಲು ಅಪ್ಪನದು. ನಮ್ಮವನಿಗೆ ಹೆಣ್ಣೂ ಇಲ್ಲ, ಮೊಟ್ಟೆಯೂ ಇಲ್ಲ. ಆದರೂ ಗುಂಡಿ ತೋಡಿ, ಗಾಜು ಒರೆಸಲು ಕೈ ಹಾಕಿದರೆ ಬಂದು ಕಚ್ಚುತ್ತಿತ್ತು. ಪಾಸಿರ್ ಪಂಜಾಂಗ್‌ನ ಹಡಗು ಕಂಪನಿಯ ಕೆಲಸ ಮುಗಿಸಿ ಇಡೀ ದ್ವೀಪ ದಾಟಿ ಮನೆಗೆ ಬಂದು ಕೂತರೆ ನನಗೆ ಅದೇ ತಮಾಷೆ. ಖಾಲಿ ಗುಂಡಿಗೆ ಇಷ್ಟು ಪೌರುಷವೇ ಎಂದು ನಗುತ್ತಿದ್ದೆ.

ಆಗ ಸಿಂಗಪುರದಲ್ಲಿ ಹಣ ಉಕ್ಕಿ ಹರಿಯುತ್ತಿದ್ದ ಕಾಲ. ಕಾಂಡೋ ಎನ್ನುವ ಹಳೆಯ ಅಪಾರ್ಟ್‌ಮೆಂಟುಗಳನ್ನು ಇಡಿಯಾಗಿ ಕೊಂಡು, ಕೆಡವಿ, ಅಲ್ಲೇ ಇನ್ನೂ ಎತ್ತರಕ್ಕೆ ಕಟ್ಟುವ ಹುಚ್ಚು ಹತ್ತಿತ್ತು. ಇದಕ್ಕೆ ಎನ್‌ಬ್ಲಾಕ್ ಎಂದು ಹೆಸರು. ಬಹುಪಾಲು ಮನೆಯವರು ರುಜು ಹಾಕಿದರೆ ಮುಗಿಯಿತು, ಹಾಕದವರೂ ಗಂಟುಮೂಟೆ ಕಟ್ಟಬೇಕು. ನಮ್ಮ ಕಾಂಡೋಗೂ ಆ ಗಾಳಿ ಬೀಸಿತು. ಮೇಲಿನ ಮಹಡಿಯ ಶ್ರೀಧರ, ನಮ್ಮ ಮೈಸೂರಿನವನೇ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೊರೆಯುತ್ತಿದ್ದ: “ಸೈನ್ ಮಾಡ್ಬಿಡಿ ಸಾರ್, ಜಾಕ್‌ಪಾಟ್ ಇದು! ಸೆಂಬವಾಂಗ್‌ಗೆ ಶಿಫ್ಟ್ ಆದ್ರೆ ಇನ್ನೂ ದೊಡ್ಡ ಮನೇನೇ ಸಿಗುತ್ತೆ.” ನಾನು ರುಜು ಹಾಕಲಿಲ್ಲ.

ಸಭೆ ಸೇರಿತು. ಎಲ್ಲರ ಬಾಯಲ್ಲೂ ಚದರಡಿಗೆಷ್ಟು ಎಂಬ ಮಾತೇ. ನಾನು ಎದ್ದು ನಿಂತೆ. ವಾರವೆಲ್ಲ ಸಿದ್ಧಮಾಡಿಕೊಂಡ ವಾದಗಳು ಕೈಕೊಟ್ಟು, ಬಾಯಿಗೆ ಬಂದದ್ದು ಒಂದೇ: ನಾವು ಈ ಮನೆಯಲ್ಲಿ ಹಾಲು ಉಕ್ಕಿಸಿದ್ದೇವೆ! ಕಾಲಿಟ್ಟ ದಿನ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತೆಂದರೆ ಮನೆ ನಮ್ಮದಾಯಿತು. ನಮ್ಮೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತ ಹೋದಂತೆ ನನಗೇ ಅದು ಅಡುಗೆಮನೆಯ ಅಚಾತುರ್ಯದಂತೆ ಕೇಳಿಸತೊಡಗಿತು. ಅಧ್ಯಕ್ಷರಾಗಿದ್ದ ಚೀನೀ ಅಂಕಲ್ ಒಳ್ಳೆಯವರು. ಪೂರ್ತಿ ಕೇಳಿಸಿಕೊಂಡು ತಮ್ಮ ಸಿಂಗಪುರದ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು: “ನ್ಯೂ ಹೌಸ್ ಆಲ್ಸೋ ಗಾಟ್ ಸ್ಟವ್, ಲಾ.”

ಸಭೆಯೆಲ್ಲ ನಕ್ಕಿತು. ಶ್ರೀಧರನೂ ನಕ್ಕ. ಅವನ ಮನೆಯ ಹಾಲು ಉಕ್ಕಿದ ದಿನ ನಾನೇ ಪಕ್ಕದಲ್ಲಿ ನಿಂತಿದ್ದೆ, ಹೋಳಿಗೆಯನ್ನೂ ತಿಂದಿದ್ದೆ. ಅಂಕಲ್‌ನ ಮಾತನ್ನು ಎಂದೋ ಮರೆತೆ, ಶ್ರೀಧರನ ನಗುವನ್ನು ಇನ್ನೂ ಕ್ಷಮಿಸಿಲ್ಲ.

ಕಾಂಡೋ ಮಾರಾಟವಾಯಿತು. ಖಾಲಿ ಮಾಡುವ ದಿನ ವಸಂತಿ ಬಾಗಿಲ ತೋರಣ ಬಿಚ್ಚಿದಳು, ನಾನು ತೊಟ್ಟಿಯ ನೀರು ಬಸಿದೆ. ಬೆನ್ನು ಮುಳುಗುವಷ್ಟು ನೀರೂ ಇಲ್ಲದಾಗಲೂ ಮೀನು ಗುಂಡಿ ಬಿಟ್ಟು ಕದಲಲಿಲ್ಲ. ಬಲೆ ಹಾಕಿದರೆ ಬೆರಳು ಕಚ್ಚಿತು. ಬಕೆಟ್ಟಿಗೆ ಬಿಟ್ಟರೆ ಬರಿಯ ಪ್ಲಾಸ್ಟಿಕ್ ತಳವನ್ನೇ ಬಾಲದಿಂದ ಗುಡಿಸತೊಡಗಿತು.

“ಮರಳೇ ಇಲ್ವಲ್ಲೋ, ಏನು ತೋಡ್ತೀಯಾ?” ಎನ್ನುವಾಗ ವಸಂತಿಯ ದನಿ ಒಡೆಯಿತು.

ನಾನು ಬಾಗಿಲೆಳೆದು ಬೀಗ ಹಾಕಿದೆ. ಎಂದಿನಂತೆ ಜಗ್ಗಿ ನೋಡಿದೆ, ಗಟ್ಟಿಯಾಗಿ ಬಿದ್ದಿತ್ತು. ಆಮೇಲೆ ನೆನಪಾಯಿತು, ಕೆಡವಲಿರುವ ಮನೆ. ಬಕೆಟ್ಟಿನೊಳಗಿಂದ ಮೀನು ನನ್ನನ್ನೇ ನೋಡುತ್ತಿತ್ತು. ಈಗ ನಗುವ ಸರದಿ ಅದರದು; ಪುಣ್ಯಾತ್ಮ, ನಗಲಿಲ್ಲ.