ಯಾರಿಗೂ ಒಗ್ಗದ ಬೆಕ್ಕು

ಆ ಬೆಕ್ಕು ರೋಣದ ನಮ್ಮ ಮನೆಗೆ ಬಂದದ್ದು ಇಲಿಗಳ ಸಲುವಾಗಿ. ನಾನು ಸೊಸೆಯಾಗಿ ಸೇರಿದ್ದು ಜೋಳ, ಹತ್ತಿಯ ವ್ಯಾಪಾರದ ಮನೆತನ. ಪಡಸಾಲೆಯ ಹಿಂದಿನ ಕತ್ತಲ ಕೋಣೆಯಲ್ಲಿ ಜೋಳದ ಚೀಲಗಳನ್ನು ಜಂತಿ ಮುಟ್ಟುವಂತೆ ಒಟ್ಟುತ್ತಿದ್ದರು. ಆ ವರ್ಷ ಇಲಿಗಳ ಕಾಟ ಎಷ್ಟಾಗಿತ್ತೆಂದರೆ, ಹಾಡುಹಗಲೇ ಚೀಲದಿಂದ ಕಾಳು ಸುರಿಯುವ ಸಪ್ಪಳ ಅಡಿಗೆಮನೆಯವರೆಗೂ ಕೇಳುತ್ತಿತ್ತು. ನರಗುಂದದಲ್ಲಿ ಇನ್ನೂ ಸಂಸ್ಥಾನ ಇತ್ತು. ಅಲ್ಲಿಯ ಅರಸ ಇಂಗ್ರೇಜರ ಮೇಲೆ ತಿರುಗಿಬಿದ್ದ ಆ ದೊಡ್ಡ ಗದ್ದಲ ಆಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತಿದು. ಅಲ್ಲಿಯ ಪೇಟೆಯಲ್ಲಿ ನಮ್ಮ ಅತ್ತೆಯ ತವರಿನವರ ಅಂಗಡಿ ಇತ್ತು. ಅವರು ತಮ್ಮಲ್ಲಿದ್ದ ಬೂದಿ ಬಣ್ಣದ ದೊಡ್ಡ ಹೆಣ್ಣು ಬೆಕ್ಕೊಂದನ್ನು ಬುಟ್ಟಿಗೆ ಹಾಕಿ, ಬುಟ್ಟಿಯ ಬಾಯಿಗೆ ಅರಿವೆ ಬಿಗಿದು, ಹತ್ತಿಯ ಬಂಡಿಯ ಮೇಲೆ ಕಳಿಸಿಕೊಟ್ಟರು.

ಅದು ಅಲ್ಲಿಯೂ ಯಾರಿಗೂ ಒಗ್ಗಿರಲಿಲ್ಲ ಎಂಬುದು ನಮಗೆ ತಿಳಿದದ್ದು ಆಮೇಲೆ.

ಇಲಿ ಹಿಡಿಯುವುದರಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. ಶಿವರಾತ್ರಿ ಬರುವಷ್ಟರಲ್ಲಿ ಕೋಣೆಯಲ್ಲಿ ಸಪ್ಪಳ ನಿಂತಿತು. ಆದರೆ ಮನುಷ್ಯರ ನೆರಳು ಬಿದ್ದರೆ ಸಾಕು, ಚೀಲದ ಒಟ್ಟಿಲು ಹತ್ತಿ ಕಣ್ಣಷ್ಟೇ ಕಾಣುವಂತೆ ಕೂತುಬಿಡುತ್ತಿತ್ತು. ಹಾಲು ಇಟ್ಟವರು ಎದ್ದು ಹೋಗುವ ತನಕ ಕೆಳಗಿಳಿಯುತ್ತಿರಲಿಲ್ಲ.

ನಮ್ಮ ಅತ್ತೆಗೆ ಬೆಕ್ಕೆಂದರೆ ಭಾರಿ ಅಕ್ಕರೆ. ಸಣ್ಣವರಿದ್ದಾಗ ಅವರ ಹೊದಿಕೆಯೊಳಗೆ ಬೆಕ್ಕು ಮಲಗುತ್ತಿತ್ತಂತೆ. ಆ ಬೆಚ್ಚಗಿನ ಭಾರವನ್ನು ನೆನೆಸಿಕೊಂಡೇ ಈ ಬೆಕ್ಕನ್ನು ತರಿಸಿದ್ದರೆಂದು ನನಗೆ ಅನ್ನಿಸುತ್ತದೆ. ಇಲಿ ಬರೀ ನೆಪ. ದಿನಾ ಕೋಣೆಯ ಹೊಸ್ತಿಲ ಮೇಲೆ ಕೂತು "ಬಾರವ್ವಾ, ಬಾ. ನಾ ಏನ್ ಹೊಡಿತೀನೇನ ನಿನ್ನ?" ಎಂದು ಕರೆಯುವರು. ಅದು ನೋಡುವುದು, ಅಷ್ಟೇ. ಒಂದು ದಿನ ಅವರ ತಾಳ್ಮೆ ತಪ್ಪಿತು. ಹಾಲು ಕುಡಿಯುತ್ತಿದ್ದದ್ದನ್ನು ಹಿಂದಿನಿಂದ ಹಿಡಿದೆತ್ತಿ ತೊಡೆಯ ಮೇಲೆ ಹಾಕಿಕೊಂಡರು. ಮುಂಗೈಯಿಂದ ಮೊಣಕೈವರೆಗೆ ರಕ್ತ ಇಳಿಯಿತು. ಅರಿಷಿಣ ಹಚ್ಚುವಾಗ ಅವರ ಕಣ್ಣಲ್ಲಿ ನೀರಿತ್ತು. ನೋವಿಗೆ ಅಳುವ ಹೆಂಗಸು ಅವರಲ್ಲ.

ಅದಾಗಿ ಕೆಲವು ದಿನಕ್ಕೆ, ಆಗತಾನೆ ಅಂಬೆಗಾಲಿಡುತ್ತಿದ್ದ ನನ್ನ ಮಗಳು ಅದರ ಬಾಲ ಹಿಡಿದಳು. ಕಣ್ಣಿನ ಕೆಳಗೆ ಉಗುರು ಗೀರಿತು. ಒಂದು ಕೂದಲೆಳೆ ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು.

"ಇದು ಇನ್ನ ಈ ಮನ್ಯಾಗ ಬ್ಯಾಡ" ಅಂದರು ಅತ್ತೆ. "ಎಲ್ಲೆರ ಚಲೋ ಜಾಗ ನೋಡಿ ಕೊಟ್ಟುಬಿಡ್ರಿ. ನನ್ನ ಕಣ್ಣಮುಂದ ಮಾತ್ರ ಬ್ಯಾಡ."

ಬೆಕ್ಕಿನ ಮರಿಯನ್ನು ಕೇಳಿ ಒಯ್ಯುವವರು ಊರಿಗೆ ಹತ್ತು ಮಂದಿ. ಬೆಳೆದ ಬೆಕ್ಕು, ಅದೂ ಮೈ ಮುಟ್ಟಗೊಡದ ಬೆಕ್ಕು ಅಂದರೆ ಎಲ್ಲರೂ ನಕ್ಕು ಮುಂದೆ ಹೋಗುವವರೇ. ಕಡೆಗೆ ನಮಗೆ ಜೋಳ ಹಾಕುತ್ತಿದ್ದ ಮುಶಿಗೇರಿಯ ರೈತನೊಬ್ಬ ಒಪ್ಪಿದ. ಒಯ್ದವನು ಸುಗ್ಗಿ ಮುಗಿಯುವ ಮುಂಚೆಯೇ ಅದೇ ಬುಟ್ಟಿ ಹೊತ್ತು ತಿರುಗಿ ಬಂದ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ" ಅಂದ ನನಗೆ, ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು. "ಇಲಿ ಹಿಡಿಯೂದು ಖರೇ. ಆದ್ರ ನಮ್ಮ ಮುದುಕಿ ಹಾಸಿಗಿ ಹಿಡದಾಳ್ರಿ. ಇದು ಅಟ್ಟದ ಮ್ಯಾಲ ಕುಂತು ಆಕಿನ್ನ ದಿಟ್ಟಿಸಿ ನೋಡತೈತಿ. 'ನನ್ನ ಸಾವು ಕಾಯಾಕತ್ತೈತಿ, ಒಯ್ದು ಕೊಡು' ಅಂತ ಒಂದ ಸವನ ಅಳತಾಳ್ರಿ."

ಆಮೇಲೆ ಗಜೇಂದ್ರಗಡದ ಒಂದು ನೇಕಾರರ ಮನೆಗೆ ಕೊಟ್ಟೆವು. ನಾನೇ ಬಂಡಿಯಲ್ಲಿ ಕೂತು ಹೋಗಿ ಬಿಟ್ಟುಬಂದೆ. ಆ ಮನೆಯಾಕೆಗೆ ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲ. ಮಗ್ಗದ ಸಪ್ಪಳ ಬಿಟ್ಟರೆ ಮನೆಯಲ್ಲಿ ಬೇರೆ ಸಪ್ಪಳವಿಲ್ಲ. ಬುಟ್ಟಿಯ ಅರಿವೆ ಬಿಚ್ಚುವ ಮೊದಲೇ ಆಕೆ ಅದಕ್ಕೊಂದು ಹೆಸರಿಟ್ಟುಬಿಟ್ಟಿದ್ದಳು. ಹಳೆಯ ಸೀರೆಯ ತುಂಡು ಮಡಚಿ ಹಾಸಿಗೆ ಮಾಡಿಟ್ಟಿದ್ದಳು. ನನಗೆ ಬರುವಾಗ ಎದೆ ಹಗುರಾಗಿತ್ತು.

ಮಳೆಗಾಲ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಬೆಕ್ಕು ಬೆದರಿ ಮಗ್ಗದ ಮೇಲೆ ಹಾರಿ, ಹಾಸಿಟ್ಟಿದ್ದ ನೂಲನ್ನೆಲ್ಲ ಹರಿದಿತ್ತು. ಗಂಡ ಅದನ್ನೇ ಹೇಳುತ್ತಿದ್ದ. ಆಕೆ ಮಾತ್ರ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಅಂದಳು:

"ನೂಲಿಂದಲ್ರಿ ಯಕ್ಕಾ. ನೂಲು ಮತ್ತ ಹಾಸಬೌದು. ಇಷ್ಟು ದಿನದಾಗ ಒಂದ ಸಲ ನನ್ನ ಕಾಲಿಗೆ ಮೈ ತಿಕ್ಕಿದ್ರ ಸಾಕಾಗಿತ್ತು. ಅದು ಸುದ್ದಾ ನನ್ನ ಒಲ್ಲೆ ಅಂತಂದ್ರ ನಾ ಏನ್ ಮಾಡ್ಲಿ?"

ಆಕೆ ಹಳೆಯ ಸೀರೆಯ ಆ ತುಂಡನ್ನೂ ಬುಟ್ಟಿಯಲ್ಲಿಟ್ಟು ತಂದಿದ್ದಳು.

ದೀಪಾವಳಿಗೆ ನಾನು ತವರಿಗೆ ಹೊರಟಾಗ ನಮ್ಮ ಮನೆಯವರು ಬುಟ್ಟಿಯನ್ನು ಬಂಡಿಗೇರಿಸಿದರು. "ನಿಮ್ಮಪ್ಪನ ದನದ ಮನ್ಯಾಗ ಬಿಟ್ಟು ಬಾ. ಅಲ್ಲೆ ಯಾರೂ ಅದರ ಗೊಡವಿಗೆ ಹೋಗಂಗಿಲ್ಲ" ಅಂದರು. ನನ್ನ ತವರು ಹೊಳೆಮಣ್ಣೂರು, ಮಲಪ್ರಭೆಯ ದಂಡೆ. ಮನೆಯಲ್ಲಿ ಅಪ್ಪ, ಅವ್ವ, ಮತ್ತೆ ನನ್ನ ತಂಗಿ.

ತಂಗಿಯ ಬಗ್ಗೆ ಹೇಳಬೇಕು. ನನಗಿಂತ ಸಣ್ಣವಳು, ಮದುವೆಯಾಗಿ ಹೋಗಿ ಇನ್ನೂ ಮನೆಗೆ ಹೊಂದಿಕೊಳ್ಳುವಷ್ಟರಲ್ಲೇ ಅವಳ ಗಂಡ ಚಳಿಜ್ವರದಲ್ಲಿ ತೀರಿಕೊಂಡ. ಅತ್ತೆಮನೆಯವರು ಅವಳನ್ನು ತಂದು ನಮ್ಮ ಅಂಗಳದಲ್ಲಿ ಬಿಟ್ಟು, ನೀರು ಸಹ ಕುಡಿಯದೆ ಹೋದರು. ಅಂದಿನಿಂದ ಅವಳು ಮಾತು ಬಿಟ್ಟಳು. ಕೆಲಸ ಎಲ್ಲ ಮಾಡುವಳು, ಇಟ್ಟಿದ್ದನ್ನು ಉಣ್ಣುವಳು. ಏನು ಕೇಳಿದರೂ ತಲೆ ಅಲ್ಲಾಡಿಸುವುದೇ ಉತ್ತರ. ಅವ್ವ ದೇವರಿಗೆ ಹರಕೆ ಹೊತ್ತು, ಬೈದು, ಅತ್ತು, ಎಲ್ಲ ಮಾಡಿ ಸೋತಿದ್ದಳು. ನಾನು ಹೋದಾಗಲೆಲ್ಲ ಅವಳ ಕೈ ಹಿಡಿದುಕೊಂಡು ಕೂಡುತ್ತಿದ್ದೆ. ಅವಳು ಕೈ ಬಿಡಿಸಿಕೊಳ್ಳುತ್ತಿರಲಿಲ್ಲ, ಹಿಡಿಯುತ್ತಲೂ ಇರಲಿಲ್ಲ.

ಬೆಕ್ಕನ್ನು ದನದ ಮನೆಯಲ್ಲಿ ಬಿಟ್ಟು ನಾನು ರೋಣಕ್ಕೆ ಮರಳಿದೆ. ಮತ್ತೆ ತವರಿಗೆ ಹೋದದ್ದು ಯುಗಾದಿಗೆ. ಬಂಡಿ ಇಳಿಯುತ್ತಲೇ ಅವ್ವ ಬಾಯಿಯ ಮೇಲೆ ಬೆರಳಿಟ್ಟು, ನನ್ನ ತೋಳು ಹಿಡಿದು ದನದ ಮನೆಯ ಬಾಗಿಲಿಗೆ ಕರೆದೊಯ್ದಳು. ಒಳಗೆ ತಂಗಿ ಗೋಡೆಗೆ ಒರಗಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬೆಕ್ಕು ಅವಳ ಪಾದಕ್ಕೆ ಬೆನ್ನು ಹಚ್ಚಿ, ಕಾಲು ಚಾಚಿ, ಹೊಟ್ಟೆ ಕಾಣುವಂತೆ ಮಲಗಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ. ತೊಗರಿ ನೋಡುತ್ತಿದ್ದಳು.

ನಾನು ಹೋಗಿ ಸ್ವಲ್ಪ ದೂರದಲ್ಲಿ ಕೂತೆ. "ಹ್ಯಾಂಗ ಒಗ್ಗಿಸಿಕೊಂಡಿ ತಂಗಿ, ಇದನ್ನ?" ಎಂದೆ. ಉತ್ತರ ಬರುತ್ತದೆಂದು ಕೇಳಿದ್ದಲ್ಲ. ಅವಳೊಡನೆ ಹಾಗೆ ಮಾತಾಡಿಕೊಳ್ಳುವುದು ರೂಢಿಯಾಗಿತ್ತು.

ಮೊರ ನಿಂತಿತು.

"ನಾ ಏನೂ ಮಾಡಿಲ್ಲಕ್ಕಾ" ಅಂದಳು. ಒಣಗಿದ ದನಿ. "ಕರದಿಲ್ಲ, ಅಷ್ಟ."

ಬಾಗಿಲ ಹಿಂದೆ ಅವ್ವ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಆ ಹಬ್ಬದಲ್ಲಿ ತಂಗಿ ಇನ್ನೂ ನಾಲ್ಕಾರು ಮಾತಾಡಿದಳು. ಹೆಚ್ಚಿನವು ಬೆಕ್ಕಿಗೆ. "ಉಂಡಿ?" ಅಂತ ಕೇಳುವಳು. "ಸರಿ ಅತ್ತಾಗ" ಅನ್ನುವಳು. ಅಪ್ಪ ಹೊಲದಿಂದ ಬಂದವನು ದನದ ಮನೆಯ ಹೊರಗೆ ಸುಮ್ಮನೆ ನಿಂತು ಅದನ್ನು ಕೇಳಿಸಿಕೊಂಡು, ಆಮೇಲೆ ಕಾಲು ತೊಳೆಯಲು ಹೋಗುವನು.

ನಾನು ಊರಿಗೆ ಬಂದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಮುಂಗೈಯ ಗೀರನ್ನು ಸವರಿಕೊಳ್ಳುತ್ತ, "ಹೋಗ್ಲಿ ಬಿಡು, ಒಬ್ಬರಿಗೆರ ಆತು" ಎಂದರು.

ಶ್ರಾವಣದಲ್ಲಿ ಹೊಳೆ ಬಂತು.

ಹೊಳೆ ಬರುವುದು ಹೊಳೆಮಣ್ಣೂರಿನವರಿಗೆ ಹೊಸದಲ್ಲ. ನೀರು ಊರ ಅಗಸೆಬಾಗಿಲು ದಾಟಿದರೆ ದನ ಬಿಚ್ಚಿ, ಕಾಳುಕಡಿ ಹೊತ್ತು, ಎತ್ತರದ ಗುಡಿಯ ಕಟ್ಟೆಗೆ ಹೋಗುವುದನ್ನು ಹುಡುಗರಿಂದ ಮುದುಕರವರೆಗೆ ಎಲ್ಲರೂ ಬಲ್ಲರು. ಈ ಸಲ ನೀರು ನಸುಕಿನಲ್ಲೇ ಅಂಗಳಕ್ಕೆ ಬಂದಿತ್ತು. ಸುದ್ದಿ ನಮಗೆ ಮುಟ್ಟಿ, ದಾರಿಯ ಹಳ್ಳಗಳು ಇಳಿದು, ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಮಣ್ಣಿನ ಗೋಡೆಗಳು ಕರಗಿ ಓಣಿಯೇ ಗುರುತು ಸಿಗದಂತಾಗಿತ್ತು. ಅಪ್ಪ ಗುಡಿಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲಿಲ್ಲ.

"ನಾ ಎತ್ತು ಹೊಡಕೊಂಡು ಮುಂದಿದ್ನಿ" ಎಂದ. "ನಿಮ್ಮವ್ವ ನನ್ನ ಹಿಂದ. ಆಕಿ ನಿಮ್ಮವ್ವನ ಹಿಂದ. ಬೆಕ್ಕು ಎದಿಗೆ ಅವಚಿಕೊಂಡು ಬರಾಕತ್ತಿದ್ಲು. ಲಗೂ ಬಾರವಾ ಅಂದ್ನಿ. ಬಂದ್ನ್ಯಪ್ಪಾ ಅಂದ್ಲು. ಬಾಜೂ ಮನಿ ಗ್ವಾಡಿ ಒಂದ ಸಪ್ಪಳಕ್ಕ ಬಿತ್ತು ನೋಡು. ಹೊಳ್ಳಿ ನೋಡಿದ್ರ ಆಕಿ ಇಲ್ಲ."

ಅಪ್ಪ ತನ್ನ ಎರಡೂ ಕೈ ನೋಡಿಕೊಂಡ. ಉಗುರುಗಳು ಕಿತ್ತು ಹೋಗಿದ್ದವು.

"ಅಪ್ಪಾ ಅಂದ್ಲಲ್ಲವಾ. ಎಷ್ಟ ವರ್ಷಕ್ಕ ಅಂದ್ಲು."

ಬೆಕ್ಕು ಗೋಡೆ ಬೀಳುವಾಗ ಹಾರಿ ಬೇವಿನ ಗಿಡ ಹತ್ತಿತ್ತು. ನೀರಿಳಿದ ಮೇಲೆ ಕೆಳಗಿಳಿದು ಬಂದು, ಗೋಡೆ ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಕೂತಿತು. ತಂಗಿಯನ್ನು ಅಲ್ಲಿಂದ ತೆಗೆದು ಮಣ್ಣು ಮಾಡಿಯಾಗಿತ್ತು. ಅದಕ್ಕೆ ಅದೇನು ಗೊತ್ತು. ಹಗಲೆಲ್ಲ ಅಲ್ಲೇ. ಮಳೆ ಬಂದರೂ ಅಲ್ಲೇ.

"ಇದನ್ನ ಒಯ್ಯವಾ" ಎಂದಳು ಅವ್ವ. "ಅದು ಅಲ್ಲೆ ಕುಂತದ್ದು ನೋಡಿದ್ರ ನನಗ ತುತ್ತು ಇಳಿಯಂಗಿಲ್ಲ."

"ಬ್ಯಾಡ" ಎಂದ ಅಪ್ಪ. "ಆಕಿ ಕೈಯಾಗ ಇದ್ದದ್ದು. ಇರ್ಲಿ."

"ಆಕಿನ ಇಲ್ಲ, ಅದನ್ನಿಟ್ಟುಕೊಂಡು ಏನ್ ಪೂಜಿ ಮಾಡ್ತಿ?"

ಅಪ್ಪ ಅವ್ವನ ಮೇಲೆ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಇಬ್ಬರೂ ಗುಡಿಯ ಕಟ್ಟೆಯ ಮೇಲೆ, ಊರ ಮಂದಿಯ ಎದುರು, ಒಂದು ಬೆಕ್ಕಿಗಾಗಿ ಜಗಳಾಡಿದರು. ಕಡೆಗೆ ಅಪ್ಪನೇ ಹೋಗಿ ಹಿಡಿಯಲು ನೋಡಿದ. ಕೈಯಲ್ಲಿ ರೊಟ್ಟಿ ಹಿಡಿದು ಆ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತ. ಬೆಕ್ಕು ಅವನನ್ನು ನೋಡಿ ಗುಡ್ಡೆಯ ಆಚೆ ಬದಿಗೆ ಹೋಗಿ ಕೂತಿತು. ಅವನು ಆಚೆ ಹೋದರೆ ಅದು ಈಚೆ. ಸಂಜೆಯಾದ ಮೇಲೆ ಅಪ್ಪ ತಾನಾಗಿ ಒಂದು ಬುಟ್ಟಿ ಬೇಡಿ ತಂದ. ಗೋಣಿಚೀಲ ಹಾಕಿ ಅದನ್ನು ಹಿಡಿದುಕೊಟ್ಟವರು ನಮ್ಮ ಮನೆಯವರು.

ರೋಣದಲ್ಲಿ ನಮ್ಮ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಣ್ಣಮುಂದೆ ಬೇಡ ಅಂದಿದ್ದವರು ತಾವೇ ಬುಟ್ಟಿ ಇಳಿಸಿಕೊಂಡು, "ಬಾರವ್ವಾ" ಎಂದು ಒಳಗೊಯ್ದರು. ಕೆನೆ ಇಟ್ಟರು. ಅದು ಮುಟ್ಟಲಿಲ್ಲ.

ಆಮೇಲೆ ನಾನು ನನ್ನ ತಂಗಿಯಂತೆ ಕೂಡಲು ನೋಡಿದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮೊರ ಹಿಡಿದು ಆ ಕೋಣೆಗೆ ಹೋಗಿ, ಗೋಡೆಗೆ ಒರಗಿ, ಅದರ ಕಡೆ ನೋಡದೆ, ಕರೆಯದೆ ಕೂಡುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದೆ ನಿಜ, ಆದರೆ ಮೈಯೆಲ್ಲ ಕರೆಯುತ್ತಿತ್ತು. ಅವಳು ಕೊನೆಗೆ ಮುಟ್ಟಿದ್ದು ಅದನ್ನು. ಅದರ ಮೈ ಒಮ್ಮೆ ನನಗೆ ತಾಗಿದರೆ ಸಾಕಿತ್ತು. ಅದಕ್ಕೆ ಗೊತ್ತಾಗದಿರುತ್ತದೆಯೇ? ಒಟ್ಟಿಲಿನ ಮೇಲಿನಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ತಂಗಿಗೆ ಅದರಿಂದ ಏನೂ ಬೇಕಾಗಿರಲಿಲ್ಲ. ನಮಗೆಲ್ಲರಿಗೂ ಬೇಕಾಗಿತ್ತು.

ಅದು ಸೊರಗಿತು. ಇಲಿ ಹಿಡಿಯುವುದನ್ನು ಬಿಟ್ಟಿತು. ಊರ ಹೊರಗಿನ ದಾರಿಯವರೆಗೆ ಹೋಗುವುದು, ಯಾರೋ ಗುರುತು ಹಿಡಿದು ಹೇಳುವುದು, ಆಳು ಹೋಗಿ ಚೀಲದಲ್ಲಿ ತರುವುದು. ಹಾಗೆ ಹಲವು ಸಲ ಆಯಿತು.

"ಹಿಡದು ಇಟ್ಟುಕೊಂಡು ಏನ್ ಮಾಡೂದು? ಈ ಮನಿ ಅದಕ್ಕ ಬ್ಯಾಡಾಗೈತಿ" ಎಂದರು ನಮ್ಮ ಮನೆಯವರು, ನನ್ನ ಮುಖ ನೋಡದೆ. ಹತ್ತಿಯ ವ್ಯವಹಾರಕ್ಕೆ ಬರುತ್ತಿದ್ದ ಶಿರೋಳದ ರೈತನೊಬ್ಬನನ್ನು ಕೇಳಿಯೂ ಆಗಿತ್ತು. ಅವನದು ಹೊಲದಲ್ಲೇ ಮನೆ. ಬೆಕ್ಕಿನ ಗುಣವನ್ನೆಲ್ಲ ನಾನೇ ಅವನಿಗೆ ಬಿಡಿಸಿ ಹೇಳಿದೆ.

"ನನಗೇನ ಅದು ತೊಡಿ ಮ್ಯಾಲ ಬಂದು ಕುಂದ್ರಬೇಕಾಗಿಲ್ರಿ ತಾಯಿ" ಎಂದ ಅವನು. "ಇದ್ರ ಇರತೈತಿ. ಇಲ್ಲಂದ್ರ ಇಲ್ಲ."

ಅದಕ್ಕೆ ಅಂಥ ಮನೆಯೇ ಸರಿ ಎಂದು ನನ್ನ ಬುದ್ಧಿ ಒಪ್ಪಿತು. ಮನಸ್ಸು ಒಪ್ಪಲಿಲ್ಲ, ಆದರೂ ಕೊಟ್ಟೆ. ಮರುವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಆ ಕಡೆ ಹೋಗಿದ್ದಾಗ ಅದನ್ನು ಕಂಡೆ. ಸೆಗಣಿಯ ಕುಳ್ಳಿನ ಒಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿತ್ತು. ಮೈ ತುಂಬಿಕೊಂಡಿತ್ತು. ಬಂಡಿ ನಿಲ್ಲಿಸಿ ಇಳಿದೆ. ದಾರಿಯಲ್ಲಿ ಹೋಗುವ ಯಾರನ್ನಾದರೂ ನೋಡುವಂತೆ ನನ್ನನ್ನು ನೋಡಿ, ಕಣ್ಣು ಮುಚ್ಚಿತು.

ಅವ್ವ ನನ್ನನ್ನು ಕಂಡಾಗಲೆಲ್ಲ ಮೊದಲು ಮೊಮ್ಮಗಳನ್ನು ಕೇಳುವಳು, ಆಮೇಲೆ ಬೆಕ್ಕನ್ನು. ಒಯ್ಯಿ ಎಂದವಳು ತಾನೇ ಆದರೂ ಕೇಳುವುದನ್ನು ಬಿಡಲಿಲ್ಲ. ಅಪ್ಪ ಒಮ್ಮೆಯೂ ಕೇಳಲಿಲ್ಲ. ನರಗುಂದದ ಗದ್ದಲದಲ್ಲಿ ಆ ಸುತ್ತಿನ ದಾರಿಗಳೆಲ್ಲ ಮುಚ್ಚಿಹೋಗಿ, ನಾವು ಎಲ್ಲಿಗೂ ಹೋಗದೆ ಬಹಳ ದಿನ ಕಳೆದವು. ದಾರಿ ತೆರೆದ ಮೇಲೆ ಶಿರೋಳಕ್ಕೆ ಹೋಗಿ ಆ ರೈತನ ಹೆಂಡತಿಯನ್ನು ಕೇಳಿದೆ.

"ಬೆಕ್ಕ? ಬರೂದು ಬಿಟ್ಟತ್ರಿ" ಎಂದಳು ಆಕೆ, ದನಕ್ಕೆ ಹಿಂಡಿ ಕಲಸುತ್ತ. "ಎಂದಿಂದ ಬಿಟ್ಟತು ಅಂತ ಲಕ್ಷ್ಯಕ್ಕ ಬರಲಿಲ್ರಿ."

ತವರಿಗೆ ಹೋದಾಗ ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಳೆ ಇಳಿದ ಮೇಲೆ ಕಟ್ಟಿದ ಮನೆ, ಆಗತಾನೆ ಸಾರಿಸಿದ ಗೋಡೆ ಇನ್ನೂ ಹಸಿಯಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಹೂಂ" ಅಂದಳು. ಕೈ ನಿಲ್ಲಿಸಲಿಲ್ಲ. ಬಡಿಯುತ್ತಲೇ ಹೋದಳು, ರೊಟ್ಟಿ ತೆಳ್ಳಗಾಗಿ ನಡುವೆ ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದಳು. ಅಂಗಳದಲ್ಲಿ ಅಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ.