ಪೈರಿನ ತೀರ್ಪು, ಪಹಣಿಯ ತೀರ್ಪು

ನಮ್ಮ ಮಾವನವರು ಮಂಡಿಕಲ್ ಕಡೆಯ ಜಮೀನ್ದಾರರು. ಊರಿನಲ್ಲಿ ಬದುವಿನ ಜಗಳಕ್ಕೆಲ್ಲ ಅವರದೇ ತೀರ್ಪು. ಗೌರಿಬಿದನೂರಿನ ನಮ್ಮ ಬಾಡಿಗೆ ಮನೆಗೆ ಬಂದ ಮೇಲೆ ಪಾಪ, ಬದುವೂ ಇಲ್ಲ, ಜಗಳವೂ ಇಲ್ಲ. ಗಂಡ ಒಂದು ಕಾರ್ಡಿನಾಟದ ಡಬ್ಬಿ ತಂದ ದಿನ ಅವರಿಗೆ ಮತ್ತೆ ಜೀವ ಬಂತು.

ಭಾನುವಾರ ಮೂವರೂ ಚಾಪೆಯ ಮೇಲೆ ಕಾರ್ಡು ಹರಡಿಕೊಂಡು ಆಡುವುದು, ಕೊನೆಗೆ ಯಾರ ಮುಂದೆ ಕಾರ್ಡು ಉಳಿಯುತ್ತದೋ ಅವರು ಸೋತಂತೆ, ಮಧ್ಯಾಹ್ನದ ಅಡುಗೆ ಅವರದು ಎಂದಾಯಿತು. ಆರು ದಿನ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ನಿಂತು ಬರುವ ನನಗೆ ಆ ಒಂದು ಹೊತ್ತು ಒಲೆ ತಪ್ಪಿದರೆ ಸಾಕಿತ್ತು.

ಡಬ್ಬಿಯಲ್ಲೊಂದು ಕಾರ್ಡು: ‘ಇನ್ನೊಬ್ಬ ಆಟಗಾರರೊಂದಿಗೆ ಜಾಗ ಬದಲಾಯಿಸಿಕೊಳ್ಳಿ.’ ಕಾರ್ಡುಗಳು ಅಲ್ಲೇ ಉಳಿಯಬೇಕೋ, ನಮ್ಮ ಜೊತೆ ಬರಬೇಕೋ, ಬರೆದವನು ಹೇಳಿರಲಿಲ್ಲ. ಮೊದಲ ಸಲ ಅದು ಗಂಡನಿಗೆ ಸಿಕ್ಕಿತು. ಅವನ ಮುಂದೆ ಹನ್ನೆರಡು ಕಾರ್ಡು, ನನ್ನ ಮುಂದೆ ಎರಡು. ಆಗಲೇ ಆಟ ಮುಗಿಸಿ ಕೂತಿದ್ದ ಮಾವನವರು ಮೀಸೆ ನೀವಿಕೊಂಡರು.

“ಹೊಲ ಕೊಟ್ಮೇಲೆ ಅದ್ರಾಗಿನ ಪೈರೂ ಹೊಲದ ಜೊತೆಗೇ ಹೋಗ್ತದೆ ಕಣಮ್ಮ. ಕಾರ್ಡು ಅಲ್ಲೇ ಬಿಟ್ಟು ಏಳು.”

ಎದ್ದೆ. ಹನ್ನೆರಡು ಕಾರ್ಡಿನ ಮುಂದೆ ಕೂತು ಸೋತೆ, ಬಸ್ಸಾರು ಮಾಡಿದೆ.

ಮೂರು ವಾರದ ಮೇಲೆ ಅದೇ ಕಾರ್ಡು ನನಗೆ ಬಂತು. ಈಗ ನನ್ನ ಮುಂದೆ ಒಂಬತ್ತು, ಗಂಡನ ಮುಂದೆ ಒಂದೇ ಒಂದು. ಖುಷಿಯಿಂದ ಎದ್ದು ನಿಂತೆ.

“ಎಲ್ಲಿಗಮ್ಮ? ಕೂತ ಜಾಗ ಬದಲಾದ್ರೆ ಪಹಣಿ ಬದಲಾಗ್ತದಾ? ನಿನ್ನ ಕಾರ್ಡು ನೀನು ತಗೊಂಡೋಗು.”

“ಆವತ್ತು ಪೈರು ಅಂದ್ರಲ್ಲ ಮಾವ?”

“ಅದು ಬೇರೆ ಕೇಸು.”

ಗಂಡ ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದ. ಮೂರು ರೆಕ್ಕೆ ಎಣಿಸಲು ಅಷ್ಟು ಹೊತ್ತು ಹಿಡಿಯಿತು, ಪುಣ್ಯಾತ್ಮನಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಸೋತದ್ದಕ್ಕಲ್ಲ, ಎರಡು ಸಲವೂ ನಾನೇ ಸೋಲುವಂತೆ ಅಷ್ಟು ಸಲೀಸಾಗಿ ನ್ಯಾಯ ಹೇಳಿದ್ದಕ್ಕೆ.

ಒಂಬತ್ತು ಕಾರ್ಡು ಬಾಚಿಕೊಂಡು ಹೋಗಿ ಕೂತೆ. ಸೋತೆ. ಒಲೆ ಹಚ್ಚಿದೆ. ಒಂದು ಮುದ್ದೆ ಕಟ್ಟಿದೆ, ಒಂದು ಬಟ್ಟಲು ಸಾರು ಮಾಡಿದೆ, ಒಂದೇ ತಟ್ಟೆ ಹಾಕಿಕೊಂಡು ಬಂದು ಅವರಿಬ್ಬರ ಎದುರಿಗೇ ಕೂತೆ.

“ನಮಗೆ?” ಎಂದರು ಮಾವನವರು.

“ಸೋತವ್ರು ಅಡುಗೆ ಮಾಡ್ಬೇಕು ಅಂದಿದ್ರಿ. ಎಷ್ಟು ಜನಕ್ಕೆ ಅಂತ ಯಾರೂ ಹೇಳ್ಲಿಲ್ಲ.”

ಮಾವನವರು ಮಗನ ಮುಖ ನೋಡಿದರು. ಮಗ ಎದ್ದು ಅಡುಗೆಮನೆಗೆ ಹೋಗಿ, ರಾಗಿ ಹಿಟ್ಟಿನ ಡಬ್ಬ ಎಲ್ಲಿದೆ ಎಂದು ಅಲ್ಲಿಂದಲೇ ಕೂಗಿದ. ನಾನು ಬಿಸಿ ಮುದ್ದೆ ಮುರಿದು ಸಾರಿಗೆ ಅದ್ದಿದೆ.