ಮೇಡಂ ನೋಡಿದ ಜೇನು

ಚಿರಂತ್, ಸಿರಿ,

ನಿನ್ನೆ ನೀವಿಬ್ಬರೂ ಜೇನಿನ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದಿರಿ. ಸಕ್ಕರೆ ಕಟ್ಟಿದೆ, ಡೂಪ್ಲಿಕೇಟ್ ಅಂದಿರಿ. ನಾನು ಅದನ್ನು ಕಿತ್ತುಕೊಂಡು ಮುಚ್ಚಳ ತೆಗೆದು ಮೂಸುತ್ತಾ ನಿಂತುಬಿಟ್ಟೆ. ನೀವು ನಕ್ಕಿರಿ. ಯಾಕೆಂದು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆ ಇರಬೇಕು... ಬಟವಾಡಿಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬರು ಮೇಡಂ ಬಾಡಿಗೆಗಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ಹೂವಿನೊಳಗಿನ ಪುಡಿ ಇದೆಯಲ್ಲ, ಪರಾಗ, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವರ ಕೆಲಸ. ಜಿಡ್ಡು ಸವರಿದ ಗಾಜಿನ ತುಂಡುಗಳನ್ನು ತಾರಸಿಯ ಗೋಡೆಯ ಮೇಲೆ ಇಡುತ್ತಿದ್ದರು. ಗಾಳಿಯಲ್ಲಿ ಯಾವ ತಿಂಗಳು ಯಾವ ಪುಡಿ ಹಾರಾಡುತ್ತದೆ, ಯಾವುದರಿಂದ ಜನಕ್ಕೆ ಉಬ್ಬಸ ಬರುತ್ತದೆ ಎಂದು ಲೆಕ್ಕ ಇಡುತ್ತಿದ್ದರು. ನಾನು ಕಸ ಗುಡಿಸಲು ಹೋದಾಗ ಗಾಜಿನ ಹತ್ತಿರ ಪೊರಕೆ ಆಡಿಸದೆ, ಉಸಿರು ಬಿಗಿಹಿಡಿದು ದಾಟುತ್ತಿದ್ದೆ.

ಅವರ ಕೋಣೆಯ ಗೋಡೆಗೂಡಿನಲ್ಲಿ ಕುಣಿಗಲ್ ಕೆರೆಯ ಕಪ್ಪು ಕೆಸರು ತುಂಬಿದ ಸೀಸೆಯೊಂದಿತ್ತು. "ಮರ ಹೋಗುತ್ತೆ, ಮನುಷ್ಯ ಹೋಗ್ತಾನೆ. ಈ ಪುಡಿಯ ಹೊರಚಿಪ್ಪು ಮಾತ್ರ ಕೆಸರಲ್ಲಿ ಕೊಳೆಯಲ್ಲ ಕಣಮ್ಮ. ನೂರಾರು ವರ್ಷದ ಹಿಂದೆ ಕೆರೆ ಸುತ್ತ ಏನು ಹೂ ಬಿಟ್ಟಿತ್ತು ಅಂತ ಇವತ್ತೂ ಹೇಳುತ್ತೆ" ಎಂದಿದ್ದರು. ಆಮೇಲೆ ಎಷ್ಟೋ ದಿನ, ಅಕ್ಕಿ ಆರಿಸುತ್ತಾ ಕುಳಿತಾಗ, ನೀರಿನ ಅಡಿಯಲ್ಲಿ ಮಲಗಿರುವ ಆ ಹಳೆಯ ತೋಪುಗಳು ನನ್ನ ಕಣ್ಣ ಮುಂದೆ ತೇಲುತ್ತಿದ್ದವು...

ನಿಮ್ಮಮ್ಮ ಆಗ ನನ್ನ ಹೊಟ್ಟೆಯಲ್ಲಿದ್ದಳು, ಆರು ತಿಂಗಳು. ಗುಬ್ಬಿ ಕಡೆಯ ಹಾಗಲವಾಡಿಯಿಂದ ನಮ್ಮವ್ವ ಊರಿನವರ ಕೈಲಿ ಒಂದು ಬಾಟಲಿ ಜೇನು ಕಳಿಸಿದಳು. ಚಳಿಗಾಲ. ವಾರ ಕಳೆಯುವುದರೊಳಗೆ ಅದು ಗಟ್ಟಿಯಾಗಿ ಬೆಳ್ಳಗಾಯಿತು. ನಮ್ಮತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದರು.

"ನೋಡೇ, ನಿಮ್ಮವ್ವನ ಜೇನು! ಸಕ್ಕರೆ ಪಾಕ ಕಾಸಿ ಕಳ್ಸವ್ಳೆ. ಬಸುರಿ ಮಗ್ಳಿಗೇ ಹಿಂಗ್ ಮಾಡೋರ ಮನೆಗೆ ಬಾಣಂತನಕ್ಕೆ ಕಳ್ಸಕ್ಕಾಗಲ್ಲ ಬುಡು. ಇಲ್ಲೇ ಹೆರು."

ನಿಮ್ಮ ತಾತ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ತಾರಸಿಯಲ್ಲಿ ಅಳುತ್ತಿದ್ದವಳನ್ನು ಮೇಡಂ ನೋಡಿದರು. ಜೇನಿನ ವಿಷಯ ಹೇಳಿದೆ. ಬಾಣಂತನದ ಮಾತು ನಾಚಿಕೆಯಿಂದ ಹೊರಗೆ ಬರಲಿಲ್ಲ.

"ಅಷ್ಟೇನಾ? ಭಾನುವಾರ ತಗೊಂಬಾ. ಜೇನಲ್ಲಿ ಹೂವಿನ ಪುಡಿ ಇದ್ದೇ ಇರುತ್ತೆ, ನೋಡಿಬಿಡೋಣ. ಆದ್ರೆ ಕಂಡಿದ್ದು ಹೇಳ್ತೀನಿ, ನಿನ್ನ ಮುಖ ನೋಡ್ಕೊಂಡು ಹೇಳಲ್ಲ."

ಆ ಮಾತಿನಿಂದ ನನಗೆ ಧೈರ್ಯದ ಬದಲು ಭಯವಾಯಿತು.

ಭಾನುವಾರ ವಿಷಯ ತಿಳಿದು ಅತ್ತೆಯೂ ಮೆಟ್ಟಿಲು ಹತ್ತಿ ಬಂದರು, ಎರಡು ಕೈಯಲ್ಲಿ ಎರಡು ಲೋಟ. ಒಂದರಲ್ಲಿ ಬಿಸಿನೀರಿನಲ್ಲಿಟ್ಟು ಕರಗಿಸಿದ ಜೇನು. ಇನ್ನೊಂದರಲ್ಲಿ ತಾವೇ ಬೆಲ್ಲದ ಚೂರು ಹಾಕಿ ಕಾಸಿದ ಸಕ್ಕರೆ ಪಾಕ. ಬಣ್ಣ ಎರಡೂ ಒಂದೇ.

"ಮೇಡಮ್ಮೋರೆ, ಒಂದ್ರಾಗೆ ನನ್ ಪಾಕ ಐತೆ. ಮೂಸಂಗಿಲ್ಲ, ನೆಕ್ಕಂಗಿಲ್ಲ. ಯಾವ್ದು ಅಂತ ಹೇಳಿ, ಆಮೇಲೆ ನಿಮ್ ಮಿಶಿನ್ ನಂಬ್ತೀನಿ."

ಮೇಡಂ ಜೋರಾಗಿ ನಕ್ಕರು. "ಅಜ್ಜಿ, ನಮ್ಮ ಕಾಲೇಜ್ ಹುಡುಗ್ರಿಗೆ ಎಷ್ಟು ಬಡ್ಕೊಂಡ್ರೂ ಈ ಬುದ್ಧಿ ಬರಲ್ಲ!"

ಎರಡನ್ನೂ ಬೆಚ್ಚನೆ ನೀರಿನಲ್ಲಿ ಕದಡಿ, ಸಣ್ಣ ಗಾಜಿನ ನಳಿಕೆಗಳಿಗೆ ಹಾಕಿ, ಮೇಜಿಗೆ ಬಿಗಿದಿದ್ದ ಯಂತ್ರದಲ್ಲಿಟ್ಟು ಹಿಡಿಕೆ ತಿರುಗಿಸಿದರು. "ಮಜ್ಜಿಗೆ ಕಡೆದಂಗೇ ಐತಲ್ಲ, ತತ್ತಾ ಇಲ್ಲಿ" ಎಂದು ಅತ್ತೆ ತಾವೇ ತಿರುಗಿಸಿದರು. ತಳಕ್ಕೆ ಕೂತದ್ದರ ಒಂದು ಹನಿ ಗಾಜಿನ ಮೇಲೆ, ಪುಡಿ ಎದ್ದು ಕಾಣಲೆಂದು ಅದಕ್ಕೆ ಗುಲಾಬಿ ಬಣ್ಣ ಹಾಕಿದರು.

ಮೊದಲನೆಯದನ್ನು ನೋಡಿ ಮೇಡಂ, "ಇದರಲ್ಲಿ ಏನೂ ಇಲ್ಲ, ಬಟಾಬಯಲು" ಎಂದರು. ಅತ್ತೆಯ ಮುಖ ಗುಟ್ಟು ಬಿಟ್ಟುಕೊಡಲಿಲ್ಲ. ಅದು ಯಾವ ಲೋಟವೋ ನನಗೂ ಗೊತ್ತಿರಲಿಲ್ಲ.

ಎರಡನೆಯದನ್ನು ಮೇಡಂ ಬಹಳ ಹೊತ್ತು ನೋಡಿದರು. ಮಕ್ಕಳೇ, ಯಾರಿಗೂ ಹೇಳದ ಮಾತೊಂದನ್ನು ಇಲ್ಲಿ ಬರೆಯುತ್ತೇನೆ. ಆ ಹೊತ್ತಿನಲ್ಲಿ ನಾನೂ ಅವ್ವನನ್ನು ಅನುಮಾನಿಸಿದೆ. ಮಗಳ ಅತ್ತೆಮನೆಗೆ ಅರ್ಧ ಬಾಟಲಿ ಕಳಿಸುವುದು ಹೇಗೆಂದು ಪಾಕ ಸೇರಿಸಿ ತುಂಬಿರಬಹುದೇ... ಅವಳ ಪ್ರೀತಿ ಅಂಥದ್ದು, ಮಾಡಿದರೂ ಮಾಡಿಯಾಳು ಅನ್ನಿಸಿತು.

"ಬನ್ನಿ ಅಜ್ಜಿ, ನೀವೇ ನೋಡಿ."

"ನನ್ ರೆಪ್ಪೆ ಕೂದ್ಲೇ ಕಾಣ್ತಾವೆ... ತಡಿ ತಡಿ... ಅಯ್ಯೋ, ಇದೇನಿದು? ಉಮ್ಮತ್ತಿ ಕಾಯಿ! ಮೈಯೆಲ್ಲಾ ಮುಳ್ಳು! ಒಂದಾ ಎರಡಾ!"

ಮೇಡಂ ಗುಬ್ಬಿ ಕಡೆಯ ಹೊಲವೊಂದರಿಂದ ತಂದು ಇಟ್ಟಿದ್ದ ಇನ್ನೊಂದು ಗಾಜನ್ನು ತೋರಿಸಿದರು. ಅದರಲ್ಲೂ ಅದೇ ಮುಳ್ಳಿನ ಉಂಡೆಗಳು. "ಇದು ಹುಚ್ಚೆಳ್ಳು ಹೂವಿಂದು. ಆ ಜೇನು ಬೇಗ ಸಕ್ಕರೆ ಕಟ್ಟುತ್ತೆ, ಅದರ ಗುಣವೇ ಅದು. ಒಂದು ಹನಿಯೂ ಬೆರಕೆ ಇಲ್ಲ ಅಂತ ಆಣೆ ಇಡಲ್ಲ. ಆದ್ರೆ ಇಷ್ಟು ಒತ್ತಾಗಿರೋದು ನೋಡಿದ್ರೆ ಬೆರೆಸಿದ್ದು ಅಂತ ನಂಗನ್ನಿಸಲ್ಲ."

ಅತ್ತೆ ಮತ್ತೊಮ್ಮೆ ಬಗ್ಗಿ ನೋಡಿ, "ಹೂಂ. ಮೊದಲ್ನೇದೇ ನನ್ ಪಾಕ. ಅವ್ರು ರಾಗಿ ಹೊಲದಾಗೆ ನಡುನಡುವೆ ಅಕ್ಕಡಿ ಸಾಲಿಗೆ ಹುಚ್ಚೆಳ್ಳೇ ಹಾಕೋದು, ನಾನೇ ನೋಡಿವ್ನಿ" ಎಂದರು.

ಕೊನೆಗೆ ನಾನು ಬಗ್ಗಿ ಕಣ್ಣಿಟ್ಟೆ. ಗುಲಾಬಿ ಬೆಳಕಿನೊಳಗೆ ಸಣ್ಣ ಸಣ್ಣ ಸೂರ್ಯರು ನಿಶ್ಶಬ್ದವಾಗಿ ತೇಲುತ್ತಿದ್ದರು. ನೋಡನೋಡುತ್ತಾ ರಾಗಿಯ ನಡುವಿನ ಹಳದಿ ಸಾಲು, ಇಬ್ಬನಿಗೆ ಒದ್ದೆಯಾದ ಅವ್ವನ ಸೀರೆಯ ಅಂಚು, ಜೇನುಹುಳುಗಳ ಸದ್ದು... ಎಷ್ಟು ಹೊತ್ತು ಹಾಗೇ ಇದ್ದೆನೋ. ಮೇಡಂ ನನ್ನನ್ನು ಎಬ್ಬಿಸಲಿಲ್ಲ.

ಕೆಳಗಿಳಿದ ಮೇಲೆ ಅತ್ತೆ ತಪ್ಪಾಯಿತು ಅನ್ನಲಿಲ್ಲ. "ಬಟ್ಟೆ ಮಡಚ್ಕೊಳ್ಳೇ. ಹಬ್ಬ ಆಗ್ಲಿ, ಗುಬ್ಬಿ ಬಸ್ ಹತ್ತಿಸ್ತೀನಿ" ಅಂದರು, ಅಷ್ಟೇ.

ಹೆರಿಗೆಗೆ ಮುಂಚೆ, ಆಮೇಲೆ ಸೇರಿ ಐದು ತಿಂಗಳು ಅವ್ವನ ಜೊತೆ ಇದ್ದೆ. ನಿಮ್ಮಮ್ಮನಿಗೆ ಮೊದಲ ಎಣ್ಣೆನೀರು ಎರೆದದ್ದು ಅವಳ ಕೈ. ಜೇನು ಹೇಗಿತ್ತೇ ಎಂದು ಕೇಳಿದಳು. ಚೆನ್ನಾಗಿತ್ತು ಅಂದೆ. ಬೇರೇನೂ ಹೇಳಲಿಲ್ಲ. ಮುಂದಿನ ವರ್ಷ ಜ್ವರ ಬಂದು ಅವ್ವ ಹೋಗಿಬಿಟ್ಟಳು. ಅಷ್ಟು ದಿನ ಒಟ್ಟಿಗೆ ಇದ್ದದ್ದು ಅದೇ ಕೊನೆ.

ಎಂಬತ್ತರ ದಶಕದ ಮೊದಲಲ್ಲಿ ಮೇಡಂಗೆ ವರ್ಗವಾಯಿತು. ಸಾಮಾನು ಲಾರಿಗೆ ಹೋಗುವಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. "ಹೋಗ್ಬರ್ತೀನಿ ಕಣಮ್ಮ" ಎಂದು ಅವರೇ ಒಳಗೆ ಬಂದು ಹೇಳಿದರು. ನನ್ನ ಬಾಯಿಂದ ಬಂದದ್ದು "ಹೂಂ" ಮಾತ್ರ. ಒಂದು ಜೇನಿನ ಜಗಳ ಬಗೆಹರಿಸಿದೆ ಎಂದುಕೊಂಡೇ ಅವರು ಹೋದರು. ನನಗೆ ಅವ್ವನ ಜೊತೆಗಿನ ಐದು ತಿಂಗಳು ಕೊಟ್ಟರೆಂದು ಅವರಿಗೆ ತಿಳಿಯಲೇ ಇಲ್ಲ. ಈಗ ಹೇಳಬೇಕೆಂದರೆ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ...

ಅವರಿಗೆ ಹೇಳಬೇಕಾಗಿದ್ದದ್ದನ್ನು ನಿಮಗೆ ಹೇಳಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಈ ಹಾಳೆಗಳನ್ನು ನೀರು ತಾಗದ ಕಡೆ ಇಡಿ, ಕಳೆಯಬೇಡಿ.